ಲೇತ್ ಆಮೇಲೆ ನೋಡೋಣ, ಮೊದಲು ಒಂದು ವೈಸ್ ತನ್ನಿ

ಪ್ರಶ್ನೆ: ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ. ಮನೆ ಹಿಂದೆ 10 ಅಡಿಗೆ 12 ಅಡಿಯ ಶೀಟ್ ಶೆಡ್ ಖಾಲಿ ಬಿದ್ದಿದೆ. ಕಬ್ಬಿಣದ ಕೆಲಸ ಕಲಿಯಬೇಕು ಅನ್ನುವುದು ಬಹಳ ದಿನದ ಆಸೆ. 60,000 ರೂಪಾಯಿ ಎತ್ತಿಟ್ಟಿದ್ದೇನೆ. ಕಬ್ಬಿಣದ ತುಂಡನ್ನು ತಿರುಗಿಸುತ್ತಾ ಕಡೆಯುವ ಪುಟ್ಟ ಲೇತ್ ಯಂತ್ರಗಳ ವಿಡಿಯೊ ನೋಡಿ ಮನಸೋತಿದ್ದೇನೆ. ಇರುವ ದುಡ್ಡನ್ನೆಲ್ಲ ಅದಕ್ಕೇ ಹಾಕಲೇ? ಅಥವಾ ನೂರು ಐಟಂ ಇರುವ ದೊಡ್ಡ ಟೂಲ್ ಕಿಟ್ ತರಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ.

ಲೇತ್ ಮೋಹ ಅರ್ಥವಾಗುತ್ತದೆ. ಲೇತ್‌ನಲ್ಲಿ ಕಡೆದಂತಿರುವ ಬೇಲೂರಿನ ನುಣುಪು ಕಂಬಗಳನ್ನು ಸ್ಕೂಲ್ ಟ್ರಿಪ್ಪಿನಲ್ಲೇ ಸವರಿ ನೋಡಿದ ಊರಿನವರು ನೀವು! ಆದರೆ ಲೇತ್‌ಗೆ ಕೊಟ್ಟ ದುಡ್ಡು ಲೇತ್‌ಗೇ ಮುಗಿಯುವುದಿಲ್ಲ. ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್, ಡ್ರಿಲ್ ಚಕ್, ತುಂಡಿನ ಇನ್ನೊಂದು ತುದಿಗೆ ಆಸರೆಯಾಗುವ ರಿವಾಲ್ವಿಂಗ್ ಸೆಂಟರ್, ಕಡೆಯುವ ಟೂಲ್ ಬಿಟ್, ಅವುಗಳಿಗೆ ಸಾಣೆ ಹಿಡಿಯಲು ಬೆಂಚ್ ಗ್ರೈಂಡರ್, ಕೂದಲೆಳೆಯಷ್ಟು ಅಲುಗಾಟ ಅಳೆಯುವ ಡಯಲ್ ಗೇಜ್ ಅಂತ ಸಾಲಾಗಿ ಬರುತ್ತವೆ. ಎಷ್ಟೋ ಸಲ ಇವುಗಳ ಖರ್ಚೇ ಮಷೀನಿನ ಅರ್ಧ ಬೆಲೆಗೆ ಬಂದು ನಿಲ್ಲುತ್ತದೆ. ಇನ್ನೊಂದು ಮಾತು: ಲೇತ್ ಇರುವುದು ದುಂಡಗಿನ ಕೆಲಸಕ್ಕೆ. ಮೊದಲ ವರ್ಷ ನೀವು ಮಾಡುವುದು ಗೇಟಿನ ಚಿಲಕ, ಶೆಲ್ಫ್ ಬ್ರಾಕೆಟ್, ಹೂಕುಂಡದ ಸ್ಟ್ಯಾಂಡ್. ಅಂದರೆ ಪಟ್ಟಿ, ಆಂಗಲ್, ಚೌಕದ ಪೈಪು. ಇವಕ್ಕೆ ಲೇತ್ ಬೇಕಾಗುವುದೇ ಇಲ್ಲ.

ಟೂಲ್ ಕಿಟ್ ಕಥೆಯೂ ಇಷ್ಟೇ. ಅದರಲ್ಲಿ ಇರುವುದೆಲ್ಲ ಸ್ಪ್ಯಾನರ್, ಸಾಕೆಟ್, ಸ್ಕ್ರೂಡ್ರೈವರ್. ಬೈಕ್ ಬಿಚ್ಚಿ ಕಟ್ಟುವವರಿಗೆ ಅದು ಸರಿ. ಹೊಸದಾಗಿ ವಸ್ತು ಮಾಡುವವರಿಗೆ ಬೇಕಾದ ಅರ (ಫೈಲ್), ಗುರುತು ಕುಟ್ಟುವ ಪಂಚು, ಮೂಲೆ ನೇರವೇ ಎಂದು ನೋಡುವ ಮೂಲೆಮಟ್ಟ ಅದರಲ್ಲಿ ಇರುವುದೇ ಇಲ್ಲ, ಇದ್ದರೂ ಹೆಸರಿಗೆ.

ದುಡ್ಡು ಮೊದಲು ಹೋಗಬೇಕಾದದ್ದು ಹಿಡಿಯುವ ಮತ್ತು ಅಳೆಯುವ ಸಾಮಾನಿಗೆ. ಕತ್ತರಿಸುವ ಸಾಮಾನು ಅಗ್ಗದ್ದಾದರೂ ಹೇಗೋ ಕೆಲಸ ಸಾಗುತ್ತದೆ. ಹಿಡಿತ ಅಲುಗಿದರೆ ಎಂಥ ಒಳ್ಳೆಯ ಬ್ಲೇಡೂ ಸೊಟ್ಟ ಹೋಗುತ್ತದೆ.

ಹಾಗಾಗಿ ಕೆಲಸದ ತುಂಡನ್ನು ಬೆಂಚಿನ ಮೇಲೆ ಬಿಗಿಯಾಗಿ ಕಚ್ಚಿ ಹಿಡಿಯುವ ವೈಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ದವಡೆ 100 ಅಥವಾ 125 ಎಂಎಂ ಅಗಲ ಇರಲಿ. ಅಂಗಡಿಯಲ್ಲಿ ಬಾಕ್ಸ್ ಬಿಚ್ಚಿಸಿ ನೋಡಿ, ನಾಚಿಕೆ ಬೇಡ. ದವಡೆಯನ್ನು ಅರ್ಧ ತೆರೆದು, ಮುಂದಿನ ದವಡೆಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ, ಪಕ್ಕಕ್ಕೆ ಅಲ್ಲಾಡಿಸಿ. ಒಂಚೂರು ಆಟ ಇದ್ದೇ ಇರುತ್ತದೆ, ಕಟಕಟ ಅಂದರೆ ಬಿಡಿ. ಆಮೇಲೆ ಒಂದು ಬಿಳಿ ಕಾಗದದ ಚೂರನ್ನು ದವಡೆಯ ಎಡ ತುದಿಯಲ್ಲಿ, ಇನ್ನೊಂದನ್ನು ಬಲ ತುದಿಯಲ್ಲಿ ಇಟ್ಟು ಮೆಲ್ಲಗೆ ಬಿಗಿ ಮಾಡಿ ಎಳೆಯಿರಿ. ಎರಡೂ ಒಂದೇ ಸಮ ಸಿಕ್ಕಿಕೊಂಡರೆ ದವಡೆ ನೇರವಾಗಿ ಕೂರುತ್ತಿದೆ ಅಂತ. ಒಂದು ಸಲೀಸಾಗಿ ಜಾರಿ ಬಂದರೆ ಬೇರೆ ಪೀಸ್ ಕೇಳಿ. ಬೀಡಿನ (ಎರಕದ ಕಬ್ಬಿಣದ) ವೈಸ್ ಸಾಕು. ಆದರೆ ಅದರ ಹಿಡಿಗೆ ಪೈಪ್ ಸಿಕ್ಕಿಸಿ ಬಿಗಿ ಮಾಡಬೇಡಿ, ಬೆನ್ನ ಮೇಲೆ ಸುತ್ತಿಗೆಯಿಂದ ಬಡಿಯಬೇಡಿ. ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಬಡಿಯುವುದಕ್ಕೆ ಗುಜರಿಯಲ್ಲಿ ಒಂದು ದಪ್ಪ ಉಕ್ಕಿನ ತುಂಡು ಹುಡುಕಿ ಇಟ್ಟುಕೊಳ್ಳಿ.

ಬೆಂಚು ಭಾರವಾಗಿರಲಿ, ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಬಿಗಿಯಿರಿ. ನೀವು ನೇರ ನಿಂತು ಮೊಣಕೈ ಮಡಚಿದಾಗ ವೈಸ್‌ನ ದವಡೆ ಮೊಣಕೈ ಮಟ್ಟಕ್ಕೆ ಬರಬೇಕು. ತಗ್ಗಾದರೆ ಅರ ಹಾಕುವಾಗ ಸಂಜೆಗೆ ಸೊಂಟ ಹಿಡಿಯುತ್ತದೆ.

ಅಳತೆಗೆ: 300 ಎಂಎಂ ಸ್ಟೀಲ್ ಸ್ಕೇಲ್, ಮೂಲೆಮಟ್ಟ, ದವಡೆಯ ನಡುವೆ ಹಿಡಿದು ಸೂಕ್ಷ್ಮವಾಗಿ ಅಳೆಯುವ 150 ಎಂಎಂ ವರ್ನಿಯರ್, ಗೀರುವುದಕ್ಕೆ ಸ್ಕ್ರೈಬರ್, ಸೆಂಟರ್ ಪಂಚ್. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ನೇರ ಅಂಚಿರುವ ಹಲಗೆಗೆ ಒತ್ತಿ ಹಿಡಿದು ಒಂದು ಗೀಟು ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಜಾಗದಲ್ಲಿ ಇನ್ನೊಂದು ಗೀಟು. ಎರಡೂ ಒಂದಾದರೆ ಸರಿ. ಮೇಲೆ ಹೋಗುತ್ತಾ ಬೇರೆಯಾದರೆ ಮಟ್ಟ ಸೊಟ್ಟ, ಕಾಣುವ ಅಂತರದ ಅರ್ಧದಷ್ಟು. ವರ್ನಿಯರ್‌ನ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಬಾರದು, ಸೊನ್ನೆ ಸೊನ್ನೆಗೆ ಕೂರಬೇಕು. ಡಿಜಿಟಲ್ ಬೇಕೇ ಬೇಕು ಅಂತೇನಿಲ್ಲ. 0.02 ಎಂಎಂ ಓದುವ ಸಾದಾ ವರ್ನಿಯರ್‌ಗೆ ಬ್ಯಾಟರಿ ಚಿಂತೆಯೂ ಇಲ್ಲ.

ಅರಗಳಲ್ಲಿ 10 ಇಂಚಿನ ಬಾಸ್ಟರ್ಡ್ (ಒರಟು ಹಲ್ಲಿನ) ಫ್ಲ್ಯಾಟ್ ಒಂದು, 8 ಇಂಚಿನ ಸೆಕೆಂಡ್ ಕಟ್ (ಅದಕ್ಕಿಂತ ನಯ) ಒಂದು, ಅರ್ಧ ದುಂಡಗಿನದು ಒಂದು. ಹಿಡಿ ಬೇರೆ ಕೊಳ್ಳಬೇಕಾಗುತ್ತದೆ, ಮರೆಯಬೇಡಿ. ಹಿಡಿ ಇಲ್ಲದ ಅರದ ಬಾಲ ಅಂಗೈಗೆ ನೆಟ್ಟರೆ ಹೊಲಿಗೆಯೇ ಗತಿ. ಹ್ಯಾಕ್ಸಾ ಫ್ರೇಮ್ ಗಟ್ಟಿಯದು ತನ್ನಿ. ಬ್ಲೇಡ್ ಇಂಚಿಗೆ 18 ಹಲ್ಲಿನದು ದಪ್ಪ ಪಟ್ಟಿಗೆ, 24 ಹಲ್ಲಿನದು ಆಂಗಲ್‌ಗೆ, ತೆಳು ಪೈಪಿಗೆ 32. ಕತ್ತರಿಸುವ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲಾದರೂ ಕೂತಿರಬೇಕು, ಇಲ್ಲದಿದ್ದರೆ ಹಲ್ಲು ಮುರಿದು ಹಾರುತ್ತದೆ.

ಇಷ್ಟಾದ ಮೇಲೆ ಕರೆಂಟಿನ ಸಾಮಾನು. ಮೊದಲನೆಯದು ಡಿಸ್ಕ್ ತಿರುಗಿಸಿ ಕಬ್ಬಿಣ ಕತ್ತರಿಸುವ, ಉಜ್ಜುವ 4 ಇಂಚಿನ ಆಂಗಲ್ ಗ್ರೈಂಡರ್. ಬಾಷ್, ಮಕಿಟಾ ಥರದ, ಮೋಟರ್‌ನಲ್ಲಿ ಸವೆಯುವ ಕಾರ್ಬನ್ ಬ್ರಷ್ ಊರಲ್ಲೇ ಸಿಗುವ ಕಂಪನಿಯದ್ದು ನೋಡಿ. ಒತ್ತಿ ಹಿಡಿದರೆ ಮಾತ್ರ ತಿರುಗುವ, ಕೈ ಬಿಟ್ಟರೆ ನಿಲ್ಲುವ ಸ್ವಿಚ್ ಇರುವ ಮಾಡೆಲ್ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ತನ್ನಿ. ಗಾರ್ಡ್ ಬಿಚ್ಚಿ ದೊಡ್ಡ ಡಿಸ್ಕ್ ಹಾಕುವುದನ್ನು ಎಲ್ಲ ಕಡೆ ನೋಡುತ್ತೀರಿ. ಈ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ. 7 ಇಂಚಿನ ಡಿಸ್ಕ್‌ಗೆ ಇರುವ ಮಿತಿ ಸುಮಾರು 8,500. ಒಡೆದರೆ ಚೂರು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು. ಡಿಸ್ಕ್‌ನ ನಡುವಿನ ಲೋಹದ ಉಂಗುರದ ಮೇಲೆ ಎಕ್ಸ್‌ಪೈರಿ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಥಂಡಿಯಲ್ಲಿ ಬಿದ್ದಿದ್ದ ಹಳೇ ಡಿಸ್ಕ್‌ನ ಅಂಟು ದುರ್ಬಲವಾಗಿರುತ್ತದೆ.

ಎರಡನೆಯದು 13 ಎಂಎಂ ಚಕ್ ಇರುವ ಬೆಂಚ್ ಡ್ರಿಲ್. ಜೊತೆಗೆ ಡ್ರಿಲ್ ವೈಸ್. ವೆಲ್ಡಿಂಗ್ ಮಷೀನು ಕೊನೆಗೆ, ಅದೂ ವೈರಿಂಗ್ ನೋಡಿಕೊಂಡು. 200 ಆಂಪ್ ಅಂತ ಬರೆದ ಇನ್ವರ್ಟರ್ ಮಷೀನನ್ನು ಪೂರ್ತಿ ಏರಿಸಿದರೆ ಮನೆಯ 16 ಆಂಪ್ ಸಾಕೆಟ್ ತಡೆಯುವುದಿಲ್ಲ. 2.5 ಎಂಎಂ ರಾಡಿಗೆ 70–80 ಆಂಪ್ ಸಾಕು, ಅಷ್ಟನ್ನು ಸಾಕೆಟ್ ತಡೆದುಕೊಳ್ಳುತ್ತದೆ. ಶೆಡ್‌ಗೆ ಬೇರೆ ಲೈನ್, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಮಂಜೂರಾದ ಲೋಡ್ ಕಡಿಮೆ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ಹೆಚ್ಚಿಸಿಕೊಳ್ಳಿ.

ನಿಮ್ಮ 60,000ದಲ್ಲಿ ಇದೆಲ್ಲ ಬಂದು ಸ್ವಲ್ಪ ಮಿಗುತ್ತದೆ. ಮಿಕ್ಕಿದ್ದನ್ನು ಕನ್ನಡಕ, ಫೇಸ್ ಶೀಲ್ಡ್, ಕಬ್ಬಿಣಕ್ಕೆ ಇಡಿ. ಬಿಟ್, ಬ್ಲೇಡ್, ಡಿಸ್ಕ್‌ನಂಥ ಸವೆಯುವ ಸಾಮಾನಿಗೆ ಹಾಸನದ ಹಾರ್ಡ್‌ವೇರ್ ಅಂಗಡಿಗಳೇ ಸಾಕು. ವೈಸ್, ಡ್ರಿಲ್ ಮಷೀನು ಕೊಳ್ಳಲು ಒಂದು ದಿನ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬನ್ನಿ. ನಾಲ್ಕು ಅಂಗಡಿ ಸುತ್ತಿ ಮುಟ್ಟಿ ನೋಡುವ ಸುಖ ಫೋನಿನಲ್ಲಿ ಇಲ್ಲ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಪಲ್ಪರ್, ಪಂಪ್, ವೀಡ್ ಕಟರ್ ರಿಪೇರಿ ಸಣ್ಣಪುಟ್ಟದ್ದು ನಾನೇ ಮಾಡಿಕೊಳ್ಳುತ್ತೇನೆ. ಚಿಕ್ಕಮಗಳೂರಿನಲ್ಲಿ ಒಂದು ವರ್ಕ್‌ಶಾಪ್ ಮುಚ್ಚುತ್ತಿದ್ದು, ನಾಲ್ಕೂವರೆ ಅಡಿಯ ಹಳೇ ಲೇತ್ ಮಾರುತ್ತಿದ್ದಾರೆ. ಹೊಸದಾಗಿ ಪೇಂಟ್ ಮಾಡಿದ್ದಾರೆ. ಏನು ನೋಡಿ ಕೊಳ್ಳಬೇಕು?

ಉತ್ತರ: ನಿಮಗೆ ಲೇತ್ ಬೇಕು ಅಂದರೆ ಒಪ್ಪುತ್ತೇನೆ. ಬುಷ್, ಪಿನ್ನು, ಶಾಫ್ಟ್‌ಗೆ ಪ್ರತಿ ಸಲ ಪೇಟೆಗೆ ಓಡುವ ಕಷ್ಟ ತೋಟದವರಿಗೇ ಗೊತ್ತು. ಹೊಸ ಪೇಂಟನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಮದುವೆ ಮನೆಯ ಪೌಡರ್ ಅದು.

ಮೊದಲು ಬೆಡ್, ಅಂದರೆ ಲೇತ್‌ನ ಉದ್ದದ ತಳಹಳಿ. ಲೇತ್‌ನ ಕೆಲಸವೆಲ್ಲ ಚಕ್ಕಿನ ಹತ್ತಿರದ ಒಂದಡಿಯಲ್ಲೇ ನಡೆಯುವುದರಿಂದ ಸವೆತವೂ ಅಲ್ಲೇ. ಟೂಲ್ ಹೊತ್ತು ಬೆಡ್ ಮೇಲೆ ಓಡುವ ಕ್ಯಾರೇಜ್ ಅನ್ನು ಚಕ್ ಹತ್ತಿರ ತಂದು ಅದರ ಲಾಕನ್ನು ಸ್ವಲ್ಪವೇ ಬಿಗಿ ಮಾಡಿ, ಕೈಚಕ್ರ ತಿರುಗಿಸುತ್ತಾ ಇನ್ನೊಂದು ತುದಿಯ ಟೇಲ್‌ಸ್ಟಾಕ್ ಕಡೆಗೆ ಒಯ್ಯಿರಿ. ಕೊನೆಯವರೆಗೂ ಒಂದೇ ಹದದಲ್ಲಿ ಓಡಿದರೆ ಒಳ್ಳೆಯ ಬೆಡ್. ಅರ್ಧ ದಾರಿಯಲ್ಲಿ ಬಿಗಿಯಾಗುತ್ತಾ ಹೋಗಿ ನಿಂತೇ ಬಿಟ್ಟರೆ ಚಕ್ಕಿನ ಬಳಿ ಬೆಡ್ ತಿಂದಿದೆ. ಮತ್ತೆ ಗ್ರೈಂಡಿಂಗ್ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಹಳೇ ಲೇತೇ ಬರಬಹುದು.

ಚಕ್ಕನ್ನು ತಿರುಗಿಸುವ ಸ್ಪಿಂಡಲ್ ನೋಡಲು ಚಕ್ಕಿನ ಮೇಲೆ ಡಯಲ್ ಗೇಜ್ ಇಟ್ಟು, ಕೆಳಗಿನಿಂದ ಮರದ ತುಂಡಿನಿಂದ ಮೀಟಿ. ಮುಳ್ಳು 0.05 ಎಂಎಂ ದಾಟಿ ಜಿಗಿದರೆ ಬೇರಿಂಗ್ ಸವೆದಿದೆಯೇ ಎಂದು ಕೇಳಿ. ಕರೆಂಟ್ ಇರುವಾಗಲೇ ಹೋಗಿ, ಹತ್ತು ನಿಮಿಷ ಓಡಿಸಿ, ಸದ್ದು ಕೇಳಿ, ಬೇರಿಂಗ್ ಮನೆ ಮುಟ್ಟಿ ನೋಡಿ. ಬೆಚ್ಚಗಾದರೆ ಸರಿ, ಕೈ ಇಡಲಾಗದಷ್ಟು ಬಿಸಿಯಾದರೆ ಬೇಡ.

ಕೊನೆಗೆ ಒಂದು ಕಟ್. ನಿಮ್ಮ ಜೊತೆಯೇ 25 ಎಂಎಂನ ಎಂಎಸ್ (ಸಾದಾ ಮೃದು ಉಕ್ಕಿನ) ರಾಡ್ ತೆಗೆದುಕೊಂಡು ಹೋಗಿ. ಚಕ್ಕಿನಿಂದ 100 ಎಂಎಂ ಹೊರಗೆ ಬಿಟ್ಟು, ಸೆಂಟರ್ ಆಸರೆ ಇಲ್ಲದೆ ತೆಳ್ಳಗೆ ಒಂದು ಕಟ್ ಹಾಕಿಸಿ ಎರಡೂ ತುದಿ ಅಳೆಯಿರಿ. 0.02, 0.03 ವ್ಯತ್ಯಾಸ ಇದ್ದರೆ ನಿಮ್ಮ ಕೆಲಸಕ್ಕೆ ಧಾರಾಳ. 0.1 ಬಂದರೂ ಒಮ್ಮೆಗೇ ತಿರಸ್ಕರಿಸಬೇಡಿ. ಲೇತ್ ಸಮ ಇಲ್ಲದ ನೆಲದ ಮೇಲೆ ತಿರುಚಿಕೊಂಡು ಕೂತಿರಬಹುದು. ಮಟ್ಟ ಮಾಡಿದರೆ ಅರ್ಧ ತಪ್ಪು ಹೋಗುತ್ತದೆ. ಬೆಡ್ ಪರೀಕ್ಷೆಯಲ್ಲಿ ಪಾಸಾಗಿದ್ದರೆ ಮಾತ್ರ ಈ ಮಾತು.

ಥ್ರೆಡ್ ಹಾಕಲು ಬದಲಾಯಿಸುವ ಬಿಡಿ ಗೇರುಗಳ ಡಬ್ಬ ಕೇಳುವುದನ್ನು ಜನ ಮರೆಯುತ್ತಾರೆ. ಹಳೇ ಲೇತ್‌ಗಳಲ್ಲಿ ಥ್ರೆಡ್ ಹಾಕುವಾಗ ಟೂಲನ್ನು ಸರಿಸುವ ಲೀಡ್ ಸ್ಕ್ರೂ ಬಹಳ ಸಲ ಇಂಚಿನ ಲೆಕ್ಕದ್ದು. ಅದರಲ್ಲಿ ಎಂಎಂ ಥ್ರೆಡ್ ಕರಾರುವಾಕ್ಕಾಗಿ ಹಾಕಬೇಕಾದರೆ 127 ಹಲ್ಲಿನ ಗೇರ್ ಬೇಕು. ಇಂಚಿಗೆ 25.4 ಎಂಎಂ ಅಲ್ವಾ, ಐದು ಇಂಚಿಗೆ ಸರಿಯಾಗಿ 127. ಆ ಗೇರ್ ಕಳೆದಿದ್ದರೆ ಬೆಲೆ ಇಳಿಸಿ ಮಾತಾಡಿ. ಸ್ಟೆಡಿ ರೆಸ್ಟ್, ನಾಲ್ಕು ದವಡೆಯ ಚಕ್, ಫೇಸ್ ಪ್ಲೇಟ್‌ನಂಥ ಹಿಡಿಯುವ, ಆಸರೆ ಕೊಡುವ ಸಾಮಾನೆಲ್ಲವನ್ನೂ ವ್ಯಾಪಾರದಲ್ಲೇ ಸೇರಿಸಿಕೊಳ್ಳಿ. ಆಮೇಲೆ ಒಂದೊಂದೇ ಹುಡುಕಿಕೊಂಡು ಹೋದರೆ ಸುಮ್ನೆ ಖರ್ಚು.

ಮೋಟರ್ ಬಹುಶಃ ತ್ರೀ ಫೇಸ್ ಇರುತ್ತದೆ. ಮನೆಗೆ ಸಿಂಗಲ್ ಫೇಸ್ ಇದ್ದರೆ ಸಿಂಗಲ್ ಫೇಸ್ ಮೋಟರ್ ಬದಲಾಯಿಸಿ, ಇಲ್ಲವೇ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಹಾಕಿ. ವಿಎಫ್‌ಡಿ ಯೋಚನೆ ಇದ್ದರೆ ಮೋಟರ್‌ನ ಹೆಸರು ಫಲಕ ಓದಿ: ಡೆಲ್ಟಾ ಜೋಡಣೆಯಲ್ಲಿ 230 ವೋಲ್ಟ್‌ಗೆ ಕಟ್ಟಲು ಬರುವಂತಿದ್ದರೆ ಮಾತ್ರ ಸಾಮಾನ್ಯ ಸಿಂಗಲ್ ಫೇಸ್ ವಿಎಫ್‌ಡಿಯಲ್ಲಿ ಪೂರ್ತಿ ಶಕ್ತಿ ಸಿಗುತ್ತದೆ. ತೋಟದ ಪಂಪ್‌ಸೆಟ್ ಲೈನಿನಿಂದ ಎಳೆದುಕೊಳ್ಳುವ ಯೋಚನೆ ಬೇಡ. ಮೆಸ್ಕಾಂನವರು ಬಂದರೆ ದಂಡ, ಜೊತೆಗೆ ಆ ಲೈನಿನಲ್ಲಿ ಕರೆಂಟ್ ಬರುವ ಹೊತ್ತಿಗೇ ನೀವು ಎದ್ದು ಲೇತ್ ಮುಂದೆ ನಿಲ್ಲಬೇಕು.

ಪ್ರಶ್ನೆ: ಅರಸೀಕೆರೆಯಿಂದ. 10 ಎಂಎಂ ಡ್ರಿಲ್ ಬಿಟ್ ಎರಡು ತೂತಿಗೇ ಮೊಂಡಾಗುತ್ತದೆ. ಬಂಗಾರದ ಬಣ್ಣದ ಬಿಟ್ ತಂದರೂ ಅದೇ ಕಥೆ. ಕೋಬಾಲ್ಟ್ ಬಿಟ್ ಕೊಳ್ಳಬೇಕೇ?

ಉತ್ತರ: ಹ್ಯಾಂಡ್ ಡ್ರಿಲ್‌ನಲ್ಲಿ ಫುಲ್ ಸ್ಪೀಡಿನಲ್ಲಿ ಕೊರೆಯುತ್ತಿದ್ದೀರಿ ಅನ್ನಿಸುತ್ತದೆ. ಎಂಎಸ್‌ಗೆ, ಸಾದಾ ಹೈಸ್ಪೀಡ್ ಸ್ಟೀಲ್ ಬಿಟ್ಟಿಗೆ ಒಂದು ಸುಲಭ ಲೆಕ್ಕ: 8000ವನ್ನು ಬಿಟ್‌ನ ಎಂಎಂ ಅಳತೆಯಿಂದ ಭಾಗಿಸಿ. 10 ಎಂಎಂಗೆ ನಿಮಿಷಕ್ಕೆ 800 ಸುತ್ತು, 5 ಎಂಎಂಗೆ 1600. ನಿಮ್ಮ ಹ್ಯಾಂಡ್ ಡ್ರಿಲ್ 2,500ಕ್ಕೂ ಮೇಲೆ ತಿರುಗುತ್ತಿರಬಹುದು. ಬಿಟ್‌ನ ಹೊರ ಮೂಲೆ ನೀಲಿಯಾಗಿ ಸವೆದಿದ್ದರೆ ಅದೇ ಸಾಕ್ಷಿ. ಸ್ಟೇನ್‌ಲೆಸ್ ಆದರೆ ಈ ಲೆಕ್ಕದ ಅರ್ಧಕ್ಕಿಂತ ಕಡಿಮೆ ಇಡಿ, ಒತ್ತಡ ಬಿಡಬೇಡಿ. ಸುಮ್ಮನೆ ಉಜ್ಜಿದರೆ ಸ್ಟೇನ್‌ಲೆಸ್ ಅಲ್ಲೇ ಗಟ್ಟಿಯಾಗುತ್ತದೆ.

ಪಂಚ್ ಹೊಡೆದು, ಮೊದಲು 3 ಅಥವಾ 4 ಎಂಎಂ ತೂತು, ಆಮೇಲೆ 10. ಹನಿ ಎಣ್ಣೆ. ಬಿಟ್‌ನ ಎರಡೂ ಕಡೆಯಿಂದ ಒಂದೇ ಥರದ ಸುರುಳಿ ಬರುತ್ತಿರಬೇಕು. ಒಂದೇ ಕಡೆಯಿಂದ ಬಂದರೆ ಸಾಣೆ ಓರೆಯಾಗಿದೆ, ತೂತೂ ದೊಡ್ಡದಾಗುತ್ತದೆ. ಬಂಗಾರದ ಬಣ್ಣಕ್ಕೆ ಮರುಳಾಗಬೇಡಿ, ಒಮ್ಮೆ ಸಾಣೆ ಹಿಡಿದರೆ ತುದಿಯಲ್ಲಿ ಅದು ಇರುವುದೇ ಇಲ್ಲ. ಎಂಎಸ್‌ಗೆ ಕೋಬಾಲ್ಟ್ ಬೇಕಿಲ್ಲ.

ಇನ್ನೊಂದು, 25 ಬಿಟ್‌ನ ಸೆಟ್ ಕೊಳ್ಳುವ ಬದಲು ಬಿಡಿಯಾಗಿ ಒಳ್ಳೆಯ ಕಂಪನಿಯ 3, 4.2, 5, 6.8, 8.5, 10 ಕೊಳ್ಳಿ. ಈ ವಿಚಿತ್ರ ಅಳತೆಗಳು ಯಾಕೆಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಎಂ5 (5 ಎಂಎಂ ಬೋಲ್ಟಿನ) ಟ್ಯಾಪಿಗೆ 4.2, ಎಂ6ಕ್ಕೆ 5, ಎಂ8ಕ್ಕೆ 6.8, ಎಂ10ಕ್ಕೆ 8.5 ತೂತು ಬೇಕು. ಬೆಂಚ್ ಡ್ರಿಲ್ ಮುಂದೆ ಕೈಗವಸು ಹಾಕಬೇಡಿ, ಬಿಟ್ ಸುತ್ತಿಕೊಂಡು ಕೈಯನ್ನೂ ಎಳೆಯುತ್ತದೆ.

ಪ್ರಶ್ನೆ: ಸಕಲೇಶಪುರದ ಮಳೆಗೆ ಸಾಮಾನೆಲ್ಲ ತುಕ್ಕು. ಪ್ಲಾಸ್ಟಿಕ್ ಹೊದಿಸಿ, ಕೊಬ್ಬರಿ ಎಣ್ಣೆ ಸವರಿದರೂ ನಿಲ್ಲುತ್ತಿಲ್ಲ.

ಉತ್ತರ: ಪ್ಲಾಸ್ಟಿಕ್ ತೆಗೆಯಿರಿ. ಅದರ ಒಳಗೇ ಬೆವರು ಕಟ್ಟುತ್ತದೆ. ಹತ್ತಿ ಬಟ್ಟೆ ಹೊದಿಸಿ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ವಾಹನದಿಂದ ಇಳಿಸಿದ ಕರಿ ಎಣ್ಣೆಯಲ್ಲಿ ಆಮ್ಲ ಇರುತ್ತದೆ. ಎರಡೂ ಬೇಡ. 68 ನಂಬರಿನ ಹೊಸ ಹೈಡ್ರಾಲಿಕ್ ಎಣ್ಣೆ ಒಂದು ಲೀಟರ್ ತಂದರೆ ವರ್ಷ ಬರುತ್ತದೆ. ವರ್ನಿಯರ್, ಟ್ಯಾಪ್, ಬಿಟ್‌ಗಳನ್ನು ಬಾಗಿಲಿರುವ ಕಬ್ಬಿಣದ ಬೀರುವಿನಲ್ಲಿಟ್ಟು ಒಳಗೆ ಹಳೇ ಕಾಲದ 40 ವಾಟಿನ ತಂತಿ ಬಲ್ಬ್ ಉರಿಸಿ. ಎಲ್‌ಇಡಿ ಬಲ್ಬ್‌ನಿಂದ ಅಷ್ಟು ಶಾಖ ಬರುವುದಿಲ್ಲ. ಬಲ್ಬಿನ ಹತ್ತಿರ ಬಟ್ಟೆ, ಕಾಗದ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಹಗಲು ರಾತ್ರಿ ಉರಿಯಲಿ, ತಿಂಗಳಿಗೆ ಹೆಚ್ಚೆಂದರೆ 30 ಯೂನಿಟ್ ಆಗುತ್ತದೆ.