ಕ್ರೂಗರ್, ಒಕವಾಂಗೊ, ವಿಕ್ಟೋರಿಯಾ: ಎಲ್ಲಿ ಎಷ್ಟು ರಾತ್ರಿ?

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಆಫ್ರಿಕಾದಲ್ಲಿ ಹತ್ತು ರಾತ್ರಿಗಳ ಸಫಾರಿಗೆ ಹೊರಟಿದ್ದೇವೆ. ಪ್ರತಿ ಲಾಡ್ಜ್‌ನಲ್ಲಿ ಎರಡೆರಡು ರಾತ್ರಿ ಸಾಕೇ? ಚಕ್ರದ ಸೂಟ್‌ಕೇಸ್ ಒಯ್ಯಬಹುದೇ?

ಉತ್ತರ: ಎರಡು ರಾತ್ರಿ ಸಾಲದು. ತಲುಪುವಾಗ ಮಧ್ಯಾಹ್ನ ದಾಟಿರುತ್ತದೆ, ಕೊನೆಯ ಬೆಳಗಿನ ಸಫಾರಿಯನ್ನು ವಿಮಾನದ ಸಮಯ ನುಂಗಿಬಿಡಬಹುದು. ಜೋಹಾನ್ಸ್‌ಬರ್ಗ್‌ನಲ್ಲಿ ಒಂದು, ದಕ್ಷಿಣ ಆಫ್ರಿಕಾದ ಅಭಯಾರಣ್ಯವಾದ ಕ್ರೂಗರ್‌ನಲ್ಲಿ ಮೂರು, ಬೋಟ್ಸ್ವಾನಾದ ಒಕವಾಂಗೊ ನದೀಮುಖಜ ಭೂಮಿಯಲ್ಲಿ ನಾಲ್ಕು, ವಿಕ್ಟೋರಿಯಾ ಜಲಪಾತದ ಬಳಿ ಎರಡು ರಾತ್ರಿ ಇಟ್ಟುಕೊಳ್ಳಿ. ತಿಂಗಳ ಆಯ್ಕೆ ಚೆನ್ನಾಗಿದೆ: ಎಲೆ ಉದುರಿ ಪೊದೆ ತೆಳುವಾಗಿರುತ್ತದೆ, ಪ್ರಾಣಿಗಳು ನೀರಿನ ಬಳಿ ಸೇರುತ್ತವೆ. ಆದರೆ ಆಗ ಜಲಪಾತದ ಜಾಂಬಿಯಾ ಬದಿಯಲ್ಲಿ ನೀರು ಇಳಿದಿರುತ್ತದೆ; ಜಿಂಬಾಬ್ವೆ ಬದಿಯಲ್ಲೇ ತಂಗಿ.

ಸೂಟ್‌ಕೇಸ್ ಬೇಡವೇ ಬೇಡ. ಮೌನ್ ಪಟ್ಟಣದಿಂದ ಒಕವಾಂಗೊದ ಲಾಡ್ಜ್‌ಗೆ ಹಾರುವ ಪುಟ್ಟ ವಿಮಾನದಲ್ಲಿ ಸಾಮಾನಿನ ಖಾನೆಯ ಬಾಗಿಲು ಕಿರಿದು. ಗಟ್ಟಿ ಪೆಟ್ಟಿಗೆ ಅದರೊಳಗೆ ತೂರುವುದಿಲ್ಲ, ಬಟ್ಟೆಯ ಚೀಲವನ್ನಾದರೆ ಒತ್ತಿ ತುರುಕಬಹುದು. ಚಕ್ರ, ಚೌಕಟ್ಟು ಇಲ್ಲದ ಮೆತ್ತನೆಯ ಚೀಲವೇ ಬೇಕು. ಸಾಮಾನ್ಯ ಮಿತಿ ಕೈಚೀಲ, ಕ್ಯಾಮೆರಾ ಸೇರಿ 20 ಕಿಲೋ, ಕೆಲವೆಡೆ 15. ಹೆಚ್ಚಿನ ಲಾಡ್ಜ್‌ಗಳಲ್ಲಿ ಬಟ್ಟೆ ಒಗೆದುಕೊಡುತ್ತಾರೆ, ಮೂರು ಜೊತೆ ಸಾಕು. ಒಂದು ದಪ್ಪ ಜಾಕೆಟ್ ಮಾತ್ರ ಬಿಡಬೇಡಿ. ನಸುಕಿನ ತೆರೆದ ಜೀಪಿನಲ್ಲಿ ಗಾಳಿ ಕೊರೆಯುತ್ತದೆ.

ಇನ್ನೊಂದು ಮಾತು: ಹಳದಿ ಜ್ವರದ ಅಪಾಯವಿರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಲಸಿಕೆಯನ್ನು ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿರಬೇಕು. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಭೇಟಿಯಲ್ಲಿ ವೈದ್ಯರನ್ನು ಕೇಳಿ. ಕ್ರೂಗರ್, ಒಕವಾಂಗೊ, ವಿಕ್ಟೋರಿಯಾ ಮೂರೂ ಮಲೇರಿಯಾ ವಲಯದಲ್ಲಿವೆ.