ತಳವಾರಘಟ್ಟದ ಕಡವು: ಹರಿಗೋಲುಗಳ ಕಾಲ

ಹಂಪಿಯಿಂದ ಆನೆಗೊಂದಿಗೆ ಹೋಗೋ ದಾರಿಯಲ್ಲಿ, ತಳವಾರಘಟ್ಟದ ತುಂಗಭದ್ರಾ ಹೊಳೆ ದಂಡೆಯಲ್ಲಿ ಮೊದಲು ದೋಣಿ ಕಟ್ಟೆ ಇತ್ತಾ ಅಂತ ಕೇಳಿದ್ದೀರಿ. ಇತ್ತು. ಆದರೆ ದೋಣಿಗಿಂತ ಹರಿಗೋಲು ಅನ್ನೋದೇ ಸರಿ.

ಈ ಕಡವು ವಿಜಯನಗರದ ಕಾಲದ್ದು. ಕೋಟೆಯಿಂದ ಹೊಳೆಗೆ ಇಳಿಯುವ ದಾರಿಯಲ್ಲಿ ತಳವಾರಘಟ್ಟದ ಹೆಬ್ಬಾಗಿಲು ಇವತ್ತಿಗೂ ನಿಂತಿದೆ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಹರಿಗೋಲುಗಳನ್ನ ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, 15-20 ಜನ ಹಿಡಿಸುತ್ತಾರೆ, ಸಾಗುವಾಗ ಸುತ್ತುತ್ತಲೇ ಇರುತ್ತವೆ ಅಂತ. ಐನೂರು ವರ್ಷ ಆದ್ರೂ ಆ ಸುತ್ತಾಟ ಹಾಗೇ ಇದೆ, ನೋಡಿ! ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ, ಅಷ್ಟೇ. ಒಂದೇ ಹುಟ್ಟು ಹಿಡಿದ ಅಂಬಿಗ ಜನರ ಜೊತೆ ಬೈಕನ್ನೂ ದಾಟಿಸುತ್ತಿದ್ದ. ಬೈಕು ನಡುವೆ, ಜನ ಸುತ್ತ ಅಂಚಿಗೆ. ತೂಕ ಒಂದೇ ಕಡೆ ಬೀಳಬಾರದು ಅಲ್ವಾ?

ಇಲ್ಲೇ ಸೇತುವೆ ಕಟ್ಟಲು ಹೊರಟಾಗ, ಹಂಪಿಯ ಸ್ಮಾರಕಗಳಿಗೆ ಧಕ್ಕೆ ಆಗುತ್ತೆ ಅಂತ ದೊಡ್ಡ ತಕರಾರು ಎದ್ದಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು, 2006ರಲ್ಲಿ ತೆಗೆಯಿತು. ಆಮೇಲೆ 2009ರ ಜನವರಿಯಲ್ಲಿ, ಕೆಲಸ ನಡೀತಿರುವಾಗಲೇ ಸೇತುವೆ ಕುಸಿದು ಕೂಲಿಕಾರರು ಸತ್ತರು. ಅದನ್ನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊನೆಗೆ ಬುಕ್ಕಸಾಗರ-ಕಡೆಬಾಗಿಲು ಸೇತುವೆ ಆಯಿತು, ಗಾಡಿಗಳೆಲ್ಲ ಆ ಕಡೆ ತಿರುಗಿದವು.

ನೀವು ಹೋದಾಗ ಹೆಬ್ಬಾಗಿಲಿನಿಂದ ಹೊಳೆವರೆಗೆ ನಡೆದೇ ಇಳಿಯಿರಿ. ಡ್ಯಾಮಿನಿಂದ ನೀರು ಬಿಟ್ಟಿದ್ದರೆ ಮಾತ್ರ ದಂಡೆಯಲ್ಲೇ ನಿಲ್ಲಿ.