ಹಳೆ ಸ್ಪೀಕರ್, ಪುಟ್ಟ ಆಂಪ್, ವೈಫೈ ಹಾಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ದಾವಣಗೆರೆ): ಮನೆಯಲ್ಲಿ ಹಳೆಯ ಮ್ಯೂಸಿಕ್ ಸಿಸ್ಟಂ ಇದೆ. ಸೆಟ್ ಕೆಟ್ಟಿದೆ, ಸ್ಪೀಕರ್‌ಗಳು ಉಳಿದಿವೆ. ಹಿಂಬದಿಯಲ್ಲಿ 6 ಓಮ್ ಎಂದಿದೆ. ಆನ್‌ಲೈನಿನಲ್ಲಿ ಅಂಗೈಯಗಲದ ಆಂಪ್ಲಿಫೈಯರ್‌ಗೆ 300 ವ್ಯಾಟ್ + 300 ವ್ಯಾಟ್ ಎಂದು ಹಾಕಿದ್ದಾರೆ. ಹಾಕಿದರೆ ಸ್ಪೀಕರ್ ಸುಟ್ಟುಹೋದೀತೇ? ಫೋನಿನ ಹಾಡನ್ನು ಇದಕ್ಕೆ ತರುವುದು ಹೇಗೆ?

ಉತ್ತರ: ಆ 300 ವ್ಯಾಟ್ ಹೊರಗೆ ಬಂದರೆ ತಾನೇ ಸುಡುವುದು! ಪೆಟ್ಟಿಗೆಯ ಮೇಲಿನ ಸಂಖ್ಯೆ ಬಿಡಿ, ಜೊತೆಗೆ ಕೊಡುವ ಅಡಾಪ್ಟರ್ ಮೇಲೆ ಏನು ಬರೆದಿದೆ ನೋಡಿ. 32 ವೋಲ್ಟ್, 5 ಆಂಪಿಯರ್ ಎಂದಿದ್ದರೆ ಒಟ್ಟು 160 ವ್ಯಾಟ್. ಎರಡೂ ಸ್ಪೀಕರ್ ಹಂಚಿಕೊಳ್ಳಬೇಕಾದದ್ದು ಅಷ್ಟನ್ನೇ, ಅದರಲ್ಲೂ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. 300ರ ಲೆಕ್ಕ ಸಿಗುವುದು 48 ವೋಲ್ಟ್ ಅಡಾಪ್ಟರ್, 4 ಓಮ್ ಸ್ಪೀಕರ್, ಶೇ. 10ರಷ್ಟು ಒಡಕು ಸದ್ದು ಇವೆಲ್ಲ ಒಟ್ಟಿಗಿದ್ದಾಗ. ಅಂಥ ಸದ್ದನ್ನು ಯಾರೂ ಕುಳಿತು ಕೇಳುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಲೆಕ್ಕ ಹೀಗಿದೆ: ಅಡಾಪ್ಟರಿನ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮಿನ ಎರಡರಷ್ಟರಿಂದ ಭಾಗಿಸಿ. ನಿಮ್ಮ 6 ಓಮಿಗೆ 12 ವೋಲ್ಟ್ ಕೊಟ್ಟರೆ 12 ವ್ಯಾಟ್, 24 ವೋಲ್ಟ್ ಕೊಟ್ಟರೆ 48, 32 ವೋಲ್ಟ್ ಕೊಟ್ಟರೆ ಸುಮಾರು 85. ಇದು ಒಂದು ಚಾನೆಲ್‌ಗೆ ಸದ್ದು ಒಡೆಯದೆ ಸಿಗಬಹುದಾದ ಗರಿಷ್ಠ ಮಿತಿ. ನಿಜವಾಗಿ ಸಿಗುವುದು ಇದಕ್ಕಿಂತ ತುಸು ಕಡಿಮೆ. ಅಗ್ಗದ ಬೋರ್ಡುಗಳ ಜೊತೆ ರೂಟರಿಗೆ ಕೊಡುವಂಥ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಕೊಟ್ಟು "100 ವ್ಯಾಟ್" ಎಂದು ಬರೆದಿರುತ್ತಾರೆ. ಬಾಸ್ ಬಂದಾಗಲೆಲ್ಲ ಸದ್ದು ಕುಸಿಯುವುದು ಅದರಿಂದಲೇ.

ಇನ್ನು ಎಷ್ಟು ಬೇಕು? ಸಾಧಾರಣ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಸದ್ದು ಕೊಡುತ್ತದೆ. 20 ವ್ಯಾಟ್ ಕೊಟ್ಟರೆ ಅದು 100ಕ್ಕೆ ಏರುತ್ತದೆ. ಹತ್ತು ಅಡಿ ಆಚೆ ಕುಳಿತರೂ ಪಕ್ಕದ ಮನೆಯವರು ಬಾಗಿಲು ಬಡಿಯುವಷ್ಟು ಸದ್ದು ಅದು. ಟಿಪಿಎ3116 ಚಿಪ್ಪಿನ ಆಂಪ್, 24 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಇದ್ದರೆ ನಿಮ್ಮ ಹಾಲಿಗೆ ಧಾರಾಳವಾಯಿತು. ಇನ್ನೊಂದಿಷ್ಟು ಹಾಕುವ ಮನಸ್ಸಿದ್ದರೆ ಟಿಪಿಎ3255 ಚಿಪ್ಪಿನ ಫೋಸಿ ವಿ3, ಐಯಿಮಾ ಎ07 ಥರದವು ಒಳ್ಳೆಯವು. 48 ವೋಲ್ಟ್ ಅಡಾಪ್ಟರಿಗೆ ಹೆಚ್ಚು ಹಣ ಕೊಡಬೇಡಿ, 32 ಸಾಕು. ಸ್ಪೀಕರ್ ಸುಡುವುದು ಹೆಚ್ಚಾಗಿ ದೊಡ್ಡ ಆಂಪಿನಿಂದಲ್ಲ. ಸದ್ದು ಒಡೆಯತೊಡಗಿದ ಮೇಲೂ ವಾಲ್ಯೂಮ್ ತಿರುಗಿಸುತ್ತಾ ಹೋದರೆ ಮೊದಲು ಹೋಗುವುದು ಟ್ವೀಟರ್, ಅಂದರೆ ಕೀರಲು ಸದ್ದಿನ ಸಣ್ಣ ಸ್ಪೀಕರ್.

ಹಣ ಕಳಿಸುವ ಮುಂಚೆ ಸ್ಪೀಕರನ್ನೇ ಪರೀಕ್ಷಿಸಿ. ಬಟ್ಟೆಯ ಜಾಲರಿ ತೆಗೆದು ಕೋನಿನ (ಸದ್ದು ಹೊರಡಿಸುವ ಬಟ್ಟಲಿನಾಕಾರದ ಹಾಳೆಯ) ಸುತ್ತಲಿನ ಅಂಚು ಮುಟ್ಟಿ ನೋಡಿ. ರಬ್ಬರ್ ಆಗಿದ್ದರೆ ಚಿಂತೆಯಿಲ್ಲ. ಫೋಮ್ ಆಗಿದ್ದರೆ ಇಷ್ಟು ವರ್ಷಕ್ಕೆ ಬೆರಳಿಗೇ ಪುಡಿಯಾಗಿ ಅಂಟಿಕೊಳ್ಳಬಹುದು. ಹಾಗಿದ್ದರೆ ಅಂಚು ಬದಲಿಸಬೇಕು, ಅದನ್ನು ಮಾಡಿಕೊಡುವ ರಿಪೇರಿಯವರಿದ್ದಾರೆ. ಕೋನನ್ನು ಎರಡು ಬದಿಗೂ ಸಮನಾಗಿ ಬೆರಳಿಟ್ಟು ಮೆಲ್ಲಗೆ ಒತ್ತಿ. ಗರಗರ ಉಜ್ಜಿದ ಸದ್ದು ಬಂದರೆ ಒಳಗಿನ ಕಾಯಿಲ್ ತಾಗುತ್ತಿದೆ ಎಂದರ್ಥ, ಅದಕ್ಕೆ ಹೊಸ ಆಂಪ್ ದಂಡ. ಮಲ್ಟಿಮೀಟರಿನಲ್ಲಿ 6 ಓಮ್ ಸ್ಪೀಕರ್ 5ರ ಆಸುಪಾಸು ತೋರಿಸಬೇಕು.

ವೈರಿಗೆ ದುಬಾರಿ ಕೇಬಲ್ ಬೇಡ. ಎಲೆಕ್ಟ್ರಿಕಲ್ ಅಂಗಡಿಯ 1.5 ಚದರ ಮಿ.ಮೀ. ತಾಮ್ರದ ವೈರ್ ಹತ್ತು ಮೀಟರ್ ದೂರಕ್ಕೆ ಹೋಗಿ ಬರುವಾಗ 0.24 ಓಮ್ ತಿನ್ನುತ್ತದೆ. ಕಿವಿಗೆ ಗೊತ್ತಾಗುವುದಿಲ್ಲ. ಅದಕ್ಕಿಂತ ದೂರವಾದರೆ 2.5 ತೆಗೆದುಕೊಳ್ಳಿ. ಒಂದು ಎಚ್ಚರಿಕೆ: ಈ ಪುಟ್ಟ ಆಂಪ್‌ಗಳಲ್ಲಿ ಸ್ಪೀಕರಿನ ಮೈನಸ್ ತುದಿಯಲ್ಲೂ ಸಿಗ್ನಲ್ ಇರುತ್ತದೆ, ಅದು ಗ್ರೌಂಡ್ ಅಲ್ಲ. ಹಳೆ ಸೆಟ್ಟಿನಲ್ಲಿ ಮಾಡಿದಂತೆ ಎಡ ಬಲದ ಮೈನಸ್ ಎರಡನ್ನೂ ಒಟ್ಟಿಗೆ ತಿರುಚಿದರೆ ಚಿಪ್ ಹೋದಂತೆಯೇ.

ಫೋನಿನ ಹಾಡಿಗೆ ಆಂಪಿನೊಳಗೇ ಬ್ಲೂಟೂತ್ ಇದ್ದರೆ ಸದ್ಯಕ್ಕೆ ಅದೇ ಸಾಕು. ಉಳಿದ ಹಣ ಅಡಾಪ್ಟರಿಗೂ ಸ್ಪೀಕರಿನ ಅಂಚಿಗೂ ಹೋಗಲಿ.

ಪ್ರಶ್ನೆ (ಮೈಸೂರು): ಬ್ಲೂಟೂತ್ ಇರುವಾಗ ವೈಫೈ ಸ್ಟ್ರೀಮರ್ ಯಾಕೆ ಬೇಕು? ಕೊಳ್ಳುವುದಾದರೆ ಯಾವುದು?

ಉತ್ತರ: ಬ್ಲೂಟೂತಿನಲ್ಲಿ ಹಾಡು ನಿಮ್ಮ ಫೋನಿನ ಮೂಲಕವೇ ಹಾಯಬೇಕು. ಕರೆ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಅಂಗಡಿಗೆ ಹೋದರೆ ಹಾಡೂ ನಿಮ್ಮ ಜೊತೆ ಹೊರಡುತ್ತದೆ. ವೈಫೈ ಸ್ಟ್ರೀಮರ್ ಹಾಡನ್ನು ನೇರವಾಗಿ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ, ಫೋನ್ ಬರೀ ರಿಮೋಟ್. ಗುಣಮಟ್ಟದ ಮಾತಿಗೆ ಬಂದರೆ, ಸಿ.ಡಿ. ಸೆಕೆಂಡಿಗೆ 1411 ಕಿಲೋಬಿಟ್. ಬ್ಲೂಟೂತಿನಲ್ಲಿ ಹಾಡು ಕಳಿಸುವ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಹೆಚ್ಚೆಂದರೆ 328, ಅದಕ್ಕಿಂತ ಉತ್ತಮವಾದ ಎಲ್‌ಡ್ಯಾಕ್ 990. ಆದರೆ ಅಡುಗೆಮನೆಯಲ್ಲಿ ಕೇಳುವಾಗ ಈ ವ್ಯತ್ಯಾಸ ಹುಡುಕುವುದು ವ್ಯರ್ಥ.

ಯಾವುದು ಎಂಬುದನ್ನು ನೀವು ಬಳಸುವ ಆ್ಯಪ್ ತೀರ್ಮಾನಿಸುತ್ತದೆ. ಐಫೋನ್ ಇದ್ದರೆ ಏರ್‌ಪ್ಲೇ (ಹಾಡನ್ನು ವೈಫೈ ಮೂಲಕ ಕಳಿಸುವ ಆಪಲ್‌ನ ವ್ಯವಸ್ಥೆ) ಇರುವುದನ್ನು ನೋಡಿ. ಆಂಡ್ರಾಯ್ಡಿನಲ್ಲಿ ಯೂಟ್ಯೂಬ್ ಮ್ಯೂಸಿಕ್ ಕೇಳುವವರಿಗೆ ಗೂಗಲ್ಲಿನ ಇಂಥದೇ ವ್ಯವಸ್ಥೆಯಾದ ಕ್ರೋಮ್‌ಕಾಸ್ಟ್ ಬೇಕು. ವೀಮ್ ಮಿನಿ ಎಂಬ ಸ್ಟ್ರೀಮರಿನಲ್ಲಿ ಏರ್‌ಪ್ಲೇ, ಸ್ಪಾಟಿಫೈ ಕನೆಕ್ಟ್ ಇವೆ, ಕ್ರೋಮ್‌ಕಾಸ್ಟ್ ಇಲ್ಲ. ಅದಕ್ಕೆ ವೀಮ್ ಪ್ರೊ ಬೇಕು. ಇದು ತಿಳಿಯದೆ ಮಿನಿ ತಂದು "ಕಾಸ್ಟ್ ಗುರುತು ಕಾಣಿಸುತ್ತಿಲ್ಲ" ಎನ್ನುವವರು ಬಹಳ. ಗೂಗಲ್ಲಿನ ಕ್ರೋಮ್‌ಕಾಸ್ಟ್ ಆಡಿಯೋ 2015ರಲ್ಲಿ ಬಂದು 2019ರಲ್ಲಿ ನಿಂತುಹೋಯಿತು. ಕೈ ಬದಲಾದದ್ದು ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ಇಂದಿಗೂ ಲಾಭವೇ.

ಪ್ರಶ್ನೆ (ಬೆಂಗಳೂರು): ಸ್ಟ್ರೀಮರಿಗೆ ವೈಫೈ ಸಿಕ್ಕಿದೆ, ದೀಪವೂ ಸರಿಯಿದೆ. ಆದರೂ ಫೋನಿನಲ್ಲಿ ಅದರ ಹೆಸರೇ ಬರುವುದಿಲ್ಲ.

ಉತ್ತರ: ಎರಡೂ ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ. ಫೈಬರ್ ಕಂಪನಿ ಕೊಟ್ಟ ಮೋಡೆಂ ಒಂದು ವೈಫೈ ಬಿಡುತ್ತದೆ, ನೀವು ಕೊಂಡ ರೂಟರ್ ಇನ್ನೊಂದು. ಫೋನ್ ಒಂದಕ್ಕೆ, ಸ್ಟ್ರೀಮರ್ ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ನೆಟ್ ಎರಡಕ್ಕೂ ಬರುತ್ತದೆ, ಪರಸ್ಪರ ಮುಖ ಕಾಣುವುದಿಲ್ಲ. ಮೋಡೆಮ್ಮಿನ ವೈಫೈ ಆಫ್ ಮಾಡಿ, ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಮೋಡೆಮ್ಮಿನ ನೆಟ್‌ವರ್ಕನ್ನೇ ಹಂಚುವ ಸ್ಥಿತಿಗೆ) ಹಾಕಿ. ಹೆಸರು ಒಂದೇ ಇದ್ದೂ ಕಾಣದಿದ್ದರೆ ಗೆಸ್ಟ್ ನೆಟ್‌ವರ್ಕ್ ಬಳಸುತ್ತಿದ್ದೀರಾ, "ಎಪಿ ಐಸೊಲೇಷನ್" (ಉಪಕರಣಗಳು ಒಂದನ್ನೊಂದು ಕಾಣದಂತೆ ತಡೆಯುವ ಸೆಟ್ಟಿಂಗ್) ಆನ್ ಆಗಿದೆಯಾ ನೋಡಿ ಆಫ್ ಮಾಡಿ. ಫೋನಿನಲ್ಲಿ ವಿಪಿಎನ್ ಇದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿ): ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಜೊತೆ ನೇರಳೆ ಬಣ್ಣದ ಪಿಸಿಎಂ5102 ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ಸಿಗ್ನಲ್ಲಾಗಿ ಬದಲಿಸುವ) ಬೋರ್ಡ್ ಜೋಡಿಸಿದ್ದೇನೆ. ಸದ್ದು ಬರುತ್ತಿಲ್ಲ. ಅದರ ಮೇಲೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಎರಡು ಮೆಮೊರಿ ಕಾರ್ಡ್ ಹಾಳಾದವು.

ಉತ್ತರ: ಮೊದಲು ಸದ್ದು. ಪೈಯ 2ನೇ ಪಿನ್ನಿನಿಂದ ಬೋರ್ಡಿನ ವಿಐಎನ್‌ಗೆ 5 ವೋಲ್ಟ್, 6ರಿಂದ ಗ್ರೌಂಡ್, 12ರಿಂದ ಬಿಸಿಕೆ, 35ರಿಂದ ಎಲ್‌ಸಿಕೆ, 40ರಿಂದ ಡಿನ್. ಉಳಿಯುವ ಎಸ್‌ಸಿಕೆ ತುದಿಯನ್ನು ಗ್ರೌಂಡಿಗೆ ಬೆಸುಗೆ ಹಾಕಬೇಕು. ಗಾಳಿಯಲ್ಲಿ ಬಿಟ್ಟರೆ ಸದ್ದು ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಬೋರ್ಡನ್ನು ಮಗುಚಿ ನೋಡಿ: ನಾಲ್ಕು ಜೊತೆ ಬೆಸುಗೆ ಚುಕ್ಕಿಗಳಿವೆ. 1, 2, 4 ಎಲ್ ಕಡೆಗೆ, 3 ಮಾತ್ರ ಎಚ್ ಕಡೆಗೆ ಸೇರಿರಬೇಕು. ಮೂರನೆಯದು ಮ್ಯೂಟ್ ಪಿನ್. ಎಷ್ಟೋ ಬೋರ್ಡುಗಳು ಈ ಬೆಸುಗೆಯಿಲ್ಲದೇ ಬರುತ್ತವೆ, ನಿಮ್ಮದೂ ಬಹುಶಃ ಅದೇ. ಮೂಡ್ ಅಥವಾ ವೊಲ್ಯುಮಿಯೊ (ಪೈಯಲ್ಲಿ ಹಾಡು ನುಡಿಸುವ ಸಾಫ್ಟ್‌ವೇರ್) ಮೆನುವಿನಲ್ಲಿ ಹೈಫೈಬೆರಿ ಡ್ಯಾಕ್ ಎಂದು ಆರಿಸಿದರೆ ಈ ಬೋರ್ಡಿಗೆ ಹೊಂದುತ್ತದೆ. "ಡ್ಯಾಕ್ ಪ್ಲಸ್" ಅಲ್ಲ, ಪ್ಲಸ್ ಇಲ್ಲದ್ದು. ಝೀರೋ 2 ಡಬ್ಲ್ಯೂ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಕಾರ್ಡ್ ಹಾಳಾಗುವುದು ಬರೆಯುತ್ತಿರುವಾಗ ಕರೆಂಟ್ ಹೋದದ್ದಕ್ಕೆ. ಬರೆಯುವುದನ್ನೇ ತಪ್ಪಿಸಿ. ಪೈಕೋರ್‌ಪ್ಲೇಯರ್ ಎಂಬ ವ್ಯವಸ್ಥೆ ಶುರುವಾಗುವಾಗ ಕಾರ್ಡಿನಿಂದ ಎಲ್ಲವನ್ನೂ ರ‍್ಯಾಮಿಗೆ ಎತ್ತಿಕೊಂಡು ಅಲ್ಲಿಂದಲೇ ಓಡುತ್ತದೆ. ಯಾವಾಗ ಪ್ಲಗ್ ಕಿತ್ತರೂ ಕಾರ್ಡಿಗೆ ಏನೂ ಆಗದು. ಸೆಟ್ಟಿಂಗ್ ಬದಲಿಸಿದ ಮೇಲೆ ಬ್ಯಾಕಪ್ ಒತ್ತಲು ಮರೆತರೆ ಮಾತ್ರ ಮುಂದಿನ ಸಲ ಹಳೆಯದೇ ಬರುತ್ತದೆ. ಮಲೆನಾಡಿನ ಮನೆಗಳಿಗೆ ಇದೇ ಸರಿ. ರಾಸ್ಪ್‌ಬೆರಿ ಪೈ ಓಎಸ್ಸೇ ಬೇಕೆಂದರೆ ಅದರ ಕಾನ್ಫಿಗರೇಶನ್ನಿನಲ್ಲಿ ಓವರ್‌ಲೇ ಫೈಲ್ ಸಿಸ್ಟಂ ಆನ್ ಮಾಡಿ.

ರೂಟರಿಗೆ ಬಳಸುವ ಮಿನಿ ಯುಪಿಎಸ್‌ಗಳಲ್ಲಿ 12 ವೋಲ್ಟಿನ ಜೊತೆ 5 ವೋಲ್ಟ್ ತೂತೂ ಇರುವವು ಸಿಗುತ್ತವೆ. ರೂಟರ್, ಪೈ ಎರಡೂ ಒಂದರಲ್ಲೇ ನಡೆಯುತ್ತವೆ. ಗುಡುಗು ಬಂದಾಗ ಯುಪಿಎಸ್ ನಂಬಿ ಕೂರಬೇಡಿ. ಫೈಬರ್ ಎಳೆಯಲ್ಲಿ ಸಿಡಿಲು ಹರಿಯದು, ಆದರೆ ಮೋಡೆಮ್ಮಿನ ಅಡಾಪ್ಟರಿನಲ್ಲಿ, ಡಿಷ್ ಕೇಬಲ್ಲಿನಲ್ಲಿ ಹರಿಯುತ್ತದೆ. ಪ್ಲಗ್ ಕೀಳುವುದೊಂದೇ ದಾರಿ.

ಪ್ರಶ್ನೆ (ಧಾರವಾಡ): ಹೊಸ ಕ್ಲಾಸ್ ಡಿ ಆಂಪ್ ಹಚ್ಚಿದರೆ ಸಾಕು, ಪಕ್ಕದ ರೇಡಿಯೋದಲ್ಲಿ ಆಕಾಶವಾಣಿಯ 765 ಕಿಲೋಹರ್ಟ್ಸ್ ಮೇಲೆ ಜುಯ್ ಎಂಬ ಸದ್ದು. ಆಂಪ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಕ್ಲಾಸ್ ಡಿ ಆಂಪ್ ಕೆಲಸ ಮಾಡುವುದೇ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಕತ್ತರಿಸಿ. ಟಿಪಿಎ3116 ಸಾಮಾನ್ಯವಾಗಿ 400 ಕಿಲೋಹರ್ಟ್ಸಿನಲ್ಲಿ ಕತ್ತರಿಸುತ್ತದೆ, ಅದರ ಎರಡರಷ್ಟು 800. ನಿಮ್ಮ 765ಕ್ಕೆ ಇದು ನೆರೆಮನೆ, ಹಾಡು ಓಡುವಾಗ ಆ ಕಂಪನ ಅಕ್ಕಪಕ್ಕಕ್ಕೂ ಹರಡಿಕೊಳ್ಳುತ್ತದೆ. ಉದ್ದನೆಯ ಸ್ಪೀಕರ್ ವೈರ್ ಇದನ್ನು ಹೊರಹಾಕುವ ಆಂಟೆನಾ ಆಗಿಬಿಡುತ್ತದೆ.

ಆದರೆ ತಪ್ಪು ಆಂಪಿನದೋ ಅಡಾಪ್ಟರಿನದೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಆಂಪನ್ನು ಆಫ್ ಮಾಡಿ ಸ್ಪೀಕರ್ ವೈರ್ ಕಳಚಿ, ಆಂಪನ್ನಷ್ಟೇ ಮತ್ತೆ ಆನ್ ಮಾಡಿ. ಜುಯ್ ಇಳಿದರೆ ವೈರೇ ಆಂಟೆನಾ. ಇಳಿಯದಿದ್ದರೆ ಅಡಾಪ್ಟರನ್ನು ಗೋಡೆಗೆ ಚುಚ್ಚಿ, ಅದರ ತುದಿಯನ್ನು ಆಂಪಿನಿಂದ ಕಿತ್ತು ನೋಡಿ. ಆಗಲೂ ಸದ್ದಿದ್ದರೆ, ಅದೂ 765ರಲ್ಲಷ್ಟೇ ಅಲ್ಲದೆ ಮುಳ್ಳು ತಿರುಗಿಸಿದಲ್ಲೆಲ್ಲ ಇದ್ದರೆ, ಅಡಾಪ್ಟರ್ ಬದಲಿಸಿ. ಈ ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿಬೀಳುವುದು ಅದೇ ಪ್ಲಗ್ ಬೋರ್ಡಿನಲ್ಲಿರುವ ಅಗ್ಗದ ಫೋನ್ ಚಾರ್ಜರ್ ಅಥವಾ ಎಲ್‌ಇಡಿ ಬಲ್ಬ್.

ವೈರಿನದೇ ಆದರೆ: ಸುರುಳಿ ಸುತ್ತಿಟ್ಟ ಹೆಚ್ಚುವರಿ ವೈರ್ ಕತ್ತರಿಸಿ, ಪ್ಲಸ್ ಮೈನಸ್ ಎಳೆಗಳನ್ನು ಒಂದಕ್ಕೊಂದು ಹೊಸೆಯಿರಿ. ಆಂಪಿನ ಪಕ್ಕದಲ್ಲೇ ಎರಡೂ ಎಳೆಗಳನ್ನು ಒಟ್ಟಿಗೆ ಫೆರೈಟ್ ಕ್ಲಾಂಪಿನೊಳಗೆ (ಇಂಥ ಕಂಪನ ತಡೆಯುವ, ವೈರಿಗೆ ಕಚ್ಚಿಸುವ ಉಂಗುರ) ಮೂರ್ನಾಲ್ಕು ಸುತ್ತು ಹಾಯಿಸಿ. ಸ್ಪೀಕರ್ ತುದಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ. ರೇಡಿಯೋವನ್ನು ಎರಡು ಮೀಟರ್ ಆಚೆಗಿಟ್ಟು, ಇಟ್ಟಲ್ಲೇ ಅದರ ಮುಖದ ದಿಕ್ಕನ್ನು ನಿಧಾನ ತಿರುಗಿಸಿ. ಅದರೊಳಗಿನ ಫೆರೈಟ್ ಕಡ್ಡಿಗೆ ದಿಕ್ಕಿನ ಹಂಗಿದೆ, ಒಂದು ಕೋನದಲ್ಲಿ ಜುಯ್ ತಟ್ಟನೆ ಕುಗ್ಗುತ್ತದೆ. ಟಿಪಿಎ3116ರಲ್ಲಿ ಎಎಂ ರೇಡಿಯೋ ತಪ್ಪಿಸಲೆಂದೇ ಕತ್ತರಿಸುವ ವೇಗ ಬದಲಿಸುವ ಪಿನ್‌ಗಳಿವೆ. ಬೋರ್ಡಿನಲ್ಲಿ ಅವನ್ನು ಬೆಸೆದುಬಿಟ್ಟಿರುತ್ತಾರೆ, ಸಣ್ಣ ಬೆಸುಗೆಯಲ್ಲಿ ಕೈ ಪಳಗಿದವರು ಮಾತ್ರ ಮುಟ್ಟಬಹುದು.

ಧಾರವಾಡ ಕೇಂದ್ರವನ್ನೇ ನ್ಯೂಸ್‌ಆನ್‌ಏರ್ ಆ್ಯಪಿನಿಂದ ಇದೇ ಆಂಪಿಗೆ ತರಬಹುದು. 2016ರಲ್ಲಿ ಶುರುವಾದ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿಯೂ ಅದರಲ್ಲಿದೆ. ಆ್ಯಪಿನ ಸದ್ದು ರೇಡಿಯೋಗಿಂತ ತುಸು ಹಿಂದಿರುತ್ತದೆ, ವಾರ್ತೆಯ ಪೀಪ್ ಕೇಳಿ ಗಡಿಯಾರ ಸರಿಮಾಡಬೇಡಿ.

ಪ್ರಶ್ನೆ (ಹಾಸನ): ಟಿ.ವಿ.ಯಿಂದ ಆಪ್ಟಿಕಲ್ ವೈರ್ ಹಾಕಿದರೆ ಕೆಲವು ಚಾನೆಲ್‌ಗಳಿಗೆ ಸದ್ದೇ ಇಲ್ಲ. ಸಾದಾ ವೈರ್ ಹಾಕಿದರೆ ಗುಂಯ್ ಎನ್ನುತ್ತದೆ.

ಉತ್ತರ: ಟಿ.ವಿ.ಯ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನು "ಆಟೋ" ಬಿಟ್ಟು "ಪಿಸಿಎಂ" ಮಾಡಿ. ಆಟೋದಲ್ಲಿ ಡಾಲ್ಬಿ ಬಂದಾಗ ಸಾದಾ ಡ್ಯಾಕ್‌ಗಳಿಗೆ ಅರ್ಥವಾಗುವುದಿಲ್ಲ. ಗುಂಯ್ ಬರುವುದು ಸೆಟ್‌ಟಾಪ್ ಬಾಕ್ಸಿನ ಕೇಬಲ್ಲಿನಿಂದ: ಅದನ್ನು ತಿರುಪಿ ಕಳಚಿದಾಗ ಸದ್ದು ನಿಂತರೆ ಖಾತ್ರಿ. ಆಪ್ಟಿಕಲ್‌ನಲ್ಲಿ ಲೋಹದ ಸಂಪರ್ಕವೇ ಇಲ್ಲದ್ದರಿಂದ ಈ ಕಾಟವೂ ಇಲ್ಲ.

ಪ್ರಶ್ನೆ (ಕಲಬುರಗಿ): ಆಂಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಟೆಸ್ಟರ್ ಕೂಡ ಮಿಣುಕುತ್ತದೆ.

ಉತ್ತರ: ಎರಡು ಪಿನ್ನಿನ ಅಡಾಪ್ಟರಿನೊಳಗಿನ ಕೆಪಾಸಿಟರ್ ಮೂಲಕ ಜಿನುಗುವ ಅತಿ ಸಣ್ಣ ಕರೆಂಟ್ ಅದು. ಒಳ್ಳೆಯ ಅಡಾಪ್ಟರಿನಲ್ಲಿ ಅಪಾಯದ ಮಟ್ಟಕ್ಕೆ ಹೋಗದು. ಆದರೆ ಜೋರಾಗಿ ಹೊಡೆದರೆ ತಕ್ಷಣ ಬದಲಿಸಿ. ಅರ್ತಿಂಗ್ ಇರುವ ಮೂರು ಪಿನ್ನಿನ ಅಡಾಪ್ಟರ್ ತಂದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅದರಲ್ಲೂ ಮಿಣುಕಿದರೆ ಆ ಸಾಕೆಟ್ಟಿಗೆ ಅರ್ತಿಂಗ್ ಬಂದಿಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಪ್ರಶ್ನೆ (ಉಡುಪಿ): ವಾಲ್ಯೂಮ್ ತೀರಾ ಕಡಿಮೆ ಇಟ್ಟರೆ ಎಡಗಡೆ ಸ್ಪೀಕರ್ ಮಾತ್ರ ಹಾಡುತ್ತದೆ.

ಉತ್ತರ: ಅಗ್ಗದ ವಾಲ್ಯೂಮ್ ಕಂಟ್ರೋಲಿನ ಎರಡು ಪಟ್ಟಿಗಳು ಆರಂಭದಲ್ಲಿ ಸಮನಾಗಿ ಏರುವುದಿಲ್ಲ. ಆಂಪಿನ ಗುಂಡಿಯನ್ನು ಗಡಿಯಾರದ ಹನ್ನೆರಡಕ್ಕೆ ತಂದು ಅಲ್ಲೇ ಬಿಡಿ, ಏರಿಳಿತ ಸ್ಟ್ರೀಮರಿನಲ್ಲಿ ಮಾಡಿ. ಗುಂಡಿ ತಿರುಗಿಸುವ ಮುಂಚೆ ಸ್ಟ್ರೀಮರನ್ನು ಶೇ. 20ಕ್ಕೆ ಇಳಿಸಿ. ಅದರ ಸೆಟ್ಟಿಂಗಿನಲ್ಲಿ "ಫಿಕ್ಸೆಡ್ ವಾಲ್ಯೂಮ್" ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಮೊದಲ ಹಾಡಿಗೇ ಮನೆಮಂದಿ ಬೆಚ್ಚಿಬೀಳುತ್ತಾರೆ.

ಪ್ರಶ್ನೆ (ಮಂಗಳೂರು): ಅಲೆಕ್ಸಾದ ಎಕೋ ಡಾಟ್ ಇದೆ. ಅದರಿಂದಲೇ ದೊಡ್ಡ ಸ್ಪೀಕರಿಗೆ ಕೊಡಬಹುದೇ?

ಉತ್ತರ: ಹಿಂದೆ 3.5 ಮಿ.ಮೀ. ತೂತಿದೆಯಾ ನೋಡಿ. ಮೂರನೇ, ನಾಲ್ಕನೇ ತಲೆಮಾರಿನ ಡಾಟ್‌ನಲ್ಲಿದೆ, ಐದನೆಯದರಲ್ಲಿ ತೆಗೆದುಬಿಟ್ಟರು. ಇದ್ದರೆ 3.5ರಿಂದ ಎರಡು ಆರ್‌ಸಿಎಗೆ (ಆಂಪಿನ ಹಿಂದಿನ ಕೆಂಪು, ಬಿಳಿ ತೂತುಗಳಿಗೆ) ಹೋಗುವ ವೈರ್ ಒಂದು ಸಾಕು, ಬೇರೆ ಸ್ಟ್ರೀಮರ್ ಕೊಳ್ಳಬೇಡಿ.